ವಿದ್ಯೆಯ ಬಾಗಿಲಲ್ಲಿ ತಕ್ಕಡಿ

ಭಗವಾನ್ ಮಹಾವೀರರ ನಿರ್ವಾಣೋತ್ಸವದ ದೀಪಗಳು ಆರಿ ಕೆಲವು ವಾರಗಳಾಗುವಷ್ಟರಲ್ಲಿ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರಗಳ ಹಲವು ಮನೆಗಳಲ್ಲಿ ಇನ್ನೊಂದು ಬಗೆಯ ನೋಂಪಿ ಆರಂಭವಾಗುತ್ತದೆ. ಮನೆಯ ಎಳೆಯ ಮಗುವನ್ನು ಮೈಸೂರಿನ ಹೆಸರಾಂತ ಖಾಸಗಿ ಶಾಲೆಯೊಂದಕ್ಕೆ ಸೇರಿಸುವ ಸಿದ್ಧತೆಯೇ ಆ ನೋಂಪಿ. ನಂಜನಗೂಡಿನಿಂದ ಮೈಸೂರಿಗೆ ಸುಮಾರು 25 ಕಿಲೋಮೀಟರು. ನರಸೀಪುರದಿಂದ 30ಕ್ಕೂ ಹೆಚ್ಚು. ಮುಂಜಾನೆ ಏಳು ಗಂಟೆಗೆ ಮೊದಲೇ ಮಗುವನ್ನು ಶಾಲೆಯ ವ್ಯಾನಿಗೆ ಹತ್ತಿಸಿ, ಸಂಜೆ ಅದು ತೂಕಡಿಸುತ್ತ ಇಳಿಯುವುದನ್ನು ಕಾಯುವುದಕ್ಕೂ ತಂದೆತಾಯಿಗಳು ಸಿದ್ಧರಿದ್ದಾರೆ. ಆದರೆ ಅದಕ್ಕೆ ಮೊದಲು ದಾಟಬೇಕಾದ ಹೊಸ್ತಿಲೊಂದಿದೆ. ಬಣ್ಣಗಳ ಹೆಸರು, ಹಣ್ಣುಗಳ ಹೆಸರು, ಆಕಾರಗಳ ಗುರುತು, ಒಂದರಿಂದ ನೂರು, ಎರಡು ಇಂಗ್ಲಿಷ್ ಪದ್ಯ, ನಾಲ್ಕು ವಾಕ್ಯಗಳ ಸ್ವಪರಿಚಯ – ಇಷ್ಟನ್ನು ಮಗು ಅಪರಿಚಿತರ ಎದುರಿನಲ್ಲಿ ತಡವರಿಸದೆ ಒಪ್ಪಿಸಬೇಕು. ಪಕ್ಕದ ಕುರ್ಚಿಯಲ್ಲಿ ಕುಳಿತ ತಂದೆತಾಯಿಗಳೂ ತಮ್ಮ ವಿದ್ಯಾಭ್ಯಾಸ, ಉದ್ಯೋಗ, ಆದಾಯಗಳ ಬಗ್ಗೆ ಉತ್ತರ ಕೊಡಬೇಕು. ಶಾಲೆಗಳು ಇದನ್ನು ಪರೀಕ್ಷೆ ಎನ್ನುವುದಿಲ್ಲ. ‘ಇಂಟರ್ಯಾಕ್ಷನ್’ ಎಂಬ ನಯವಾದ ಹೆಸರು ಬಂದಿದೆ. ಹೆಸರು ಯಾವುದಾದರೂ, ಮಗು ಹೊರಗೆ ಬಂದ ಮೇಲೆ ತಾಯಿ ಕೇಳುವ ಮೊದಲ ಮಾತು ‘ಏನು ಕೇಳಿದರು, ಏನು ಹೇಳಿದೆ’ ಎಂಬುದೇ.

ಮಕ್ಕಳಿಗೆ ಒಳ್ಳೆಯ ವಿದ್ಯೆ ದೊರೆಯಲೆಂಬ ಹಂಬಲದಲ್ಲಿ ದೋಷವಿಲ್ಲ. ಸ್ವಾಧ್ಯಾಯವನ್ನು ಅಂತರಂಗ ತಪಸ್ಸುಗಳಲ್ಲಿ ಒಂದಾಗಿ ಎಣಿಸಿದ ಧರ್ಮ ಜೈನಧರ್ಮ. ಆಹಾರ, ಅಭಯ, ಔಷಧಗಳ ಸಾಲಿನಲ್ಲಿ ಶಾಸ್ತ್ರದಾನವನ್ನೂ ಇರಿಸಿ, ಹಸಿವಿಗೆ ಅನ್ನ ಹೇಗೋ ಅಜ್ಞಾನಕ್ಕೆ ವಿದ್ಯೆ ಹಾಗೆ ಎಂದು ತಿಳಿಸಿದ ಪರಂಪರೆ ಇದು. ಆದ್ದರಿಂದ ಶ್ರಾವಕನ ಮುಂದಿರುವ ಪ್ರಶ್ನೆ, ಮಗುವನ್ನು ಯಾವ ಶಾಲೆಗೆ ಸೇರಿಸಬೇಕು ಎಂಬುದಷ್ಟೇ ಆಗಿ ಮುಗಿಯುವುದಿಲ್ಲ. ಆ ಶಾಲೆಯ ಬಾಗಿಲವರೆಗಿನ ದಾರಿಯಲ್ಲಿ ಮಗು ಏನನ್ನು ಕಲಿಯುತ್ತದೆ, ಮನೆಯವರು ಏನನ್ನು ಕಲಿಸುತ್ತಾರೆ, ಬಾಗಿಲ ಒಳಗೆ ಕುಳಿತವರು ಯಾರನ್ನು ಹೊರಗೆ ನಿಲ್ಲಿಸುತ್ತಾರೆ ಎಂಬ ಮೂರು ವಿಚಾರಗಳೂ ಅದರೊಂದಿಗೆ ಬರುತ್ತವೆ.

ತಿರುಮಕೂಡಲಿನಲ್ಲಿ ಕಾವೇರಿಯೂ ಕಪಿಲೆಯೂ ಕೂಡುತ್ತವೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಅಲ್ಲಿಯೇ ಸೇರುತ್ತದೆಂಬ ನಂಬಿಕೆಯಿಂದ ಅದಕ್ಕೆ ತ್ರಿವೇಣಿ ಸಂಗಮವೆಂಬ ಹೆಸರು. ಅಲ್ಲಿಯ ನರಸಿಂಹನಿಗೆ ಗುಂಜಾ ನರಸಿಂಹನೆಂದು ಕರೆಯುತ್ತಾರೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿಯಷ್ಟು ತೂಕ ಹೆಚ್ಚು ಎಂಬುದು ಆ ಊರಿನವರು ಅಭಿಮಾನದಿಂದ ಹೇಳುವ ಮಾತು. ಗುಲಗಂಜಿ ಚಿನಿವಾರನ ತಕ್ಕಡಿಯ ಕಾಳು. ಅದರಿಂದ ತೂಗುತ್ತಿದ್ದುದು ಚಿನ್ನವನ್ನು. ಇಂದಿನ ಪ್ರವೇಶ ಪರೀಕ್ಷೆಗಳಲ್ಲಿಯೂ ಒಂದು ಗುಲಗಂಜಿಯಷ್ಟು ಹೆಚ್ಚುಕಡಿಮೆಯಿಂದ ಒಂದು ಮಗು ಒಳಗೆ, ಇನ್ನೊಂದು ಹೊರಗೆ. ಆದರೆ ತೂಗಿದ್ದರಿಂದ ಚಿನ್ನ ಬದಲಾಗುವುದಿಲ್ಲ. ಮಗು ಬದಲಾಗುತ್ತದೆ. ತನ್ನನ್ನು ತೂಗುತ್ತಿದ್ದಾರೆಂದು ತಿಳಿದ ದಿನದಿಂದ ಅದು ಮಾತನಾಡುವ ಮೊದಲು ಎದುರಿನವರ ಮುಖವನ್ನು ನೋಡಲು ಆರಂಭಿಸುತ್ತದೆ.

ಈ ಭಾರದ ಬಗ್ಗೆ ದೇಶದಲ್ಲಿ ಮೊದಲು ದೊಡ್ಡ ಧ್ವನಿ ಎದ್ದುದರಲ್ಲಿ ಮೈಸೂರಿನವರ ಪಾಲೂ ಇದೆ. ಮೈಸೂರಿನ ಯಾದವಗಿರಿಯಲ್ಲಿ ವಾಸವಾಗಿದ್ದ ಕಾದಂಬರಿಕಾರ ಆರ್. ಕೆ. ನಾರಾಯಣ್ ಅವರು ರಾಜ್ಯಸಭೆಯ ನಾಮಕರಣಗೊಂಡ ಸದಸ್ಯರಾಗಿದ್ದಾಗ, 1989ರಲ್ಲಿ ಮಾಡಿದ ಭಾಷಣವನ್ನು ಶಾಲಾಮಕ್ಕಳ ಹೊರೆಯ ವಿಚಾರಕ್ಕೇ ಮೀಸಲಿಟ್ಟರು. ತರುವಾಯ ಕೇಂದ್ರ ಸರ್ಕಾರವು ವಿಜ್ಞಾನಿ ಪ್ರೊ. ಯಶ್ ಪಾಲ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. 1993ರಲ್ಲಿ ಆ ಸಮಿತಿ ಕೊಟ್ಟ ವರದಿಯು ಶಿಶುತರಗತಿಗಳ ಪ್ರವೇಶಕ್ಕೆ ನಡೆಸುವ ಪರೀಕ್ಷೆ, ಸಂದರ್ಶನಗಳನ್ನು ನಿಲ್ಲಿಸಬೇಕೆಂದು ಶಿಫಾರಸು ಮಾಡಿತು. ಆ ಮಾತು ಕಾನೂನಿನ ರೂಪ ಪಡೆಯಲು ಇನ್ನೂ ಹದಿನಾರು ವರ್ಷ ಬೇಕಾಯಿತು.

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯಿದೆ 2009ರಲ್ಲಿ ಅಂಗೀಕಾರವಾಗಿ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದರ 13ನೆಯ ಪ್ರಕರಣದ ಪ್ರಕಾರ ಪ್ರವೇಶದ ವೇಳೆಯಲ್ಲಿ ಶಾಲೆಯು ವಂತಿಗೆ ಪಡೆಯಕೂಡದು. ಮಗುವನ್ನಾಗಲಿ ತಂದೆತಾಯಿಗಳನ್ನಾಗಲಿ ಪರೀಕ್ಷೆ, ಸಂದರ್ಶನಗಳಿಂದ ಜರಡಿ ಹಿಡಿಯಕೂಡದು. ಅರ್ಜಿಗಳು ಸ್ಥಾನಗಳಿಗಿಂತ ಹೆಚ್ಚಾದರೆ ಒಂದು ಮಗುವಿಗಿಂತ ಇನ್ನೊಂದನ್ನು ಮೇಲೆಂದು ಆರಿಸದೆ, ಚೀಟಿ ಎತ್ತುವಂತಹ ಯಾದೃಚ್ಛಿಕ ಕ್ರಮವನ್ನು ಅನುಸರಿಸಬೇಕು. ಜರಡಿ ಹಿಡಿದರೆ ಮೊದಲ ಬಾರಿಗೆ 25,000 ರೂಪಾಯಿವರೆಗೆ, ಅನಂತರದ ಪ್ರತಿ ಬಾರಿಗೆ 50,000 ರೂಪಾಯಿವರೆಗೆ ದಂಡವಿದೆ. ವಂತಿಗೆ ಪಡೆದರೆ ಪಡೆದ ಮೊತ್ತದ ಹತ್ತು ಪಟ್ಟಿನವರೆಗೆ ದಂಡ. ಇಷ್ಟಾದರೂ ಪರೀಕ್ಷೆ ನಿಂತಿಲ್ಲ. ಕಾಯಿದೆಯ ಪ್ರಕಾರ ‘ಮಗು’ ಎಂದರೆ 6ರಿಂದ 14 ವರ್ಷದವರು, ಆದ್ದರಿಂದ ಎಲ್.ಕೆ.ಜಿ. ಪ್ರವೇಶ ಇದರ ಹೊರಗೆಂದು ವಾದಿಸಲು ಸಂದು ಸಿಕ್ಕಿತು. ಒಂದನೆಯ ತರಗತಿಯಲ್ಲಿಯೂ ಪರೀಕ್ಷೆಗೆ ಬೇರೆ ಹೆಸರಿಟ್ಟು ನಡೆಸುವ ಜಾಣತನ ಬೆಳೆಯಿತು. ತಂದೆತಾಯಿಗಳು ದೂರು ಕೊಡುವುದಿಲ್ಲ. ಕೊಟ್ಟರೆ ಮಗುವಿಗೆ ಸ್ಥಾನ ತಪ್ಪೀತೆಂಬ ಭಯ.

ಈ ಭಯವು ಒಂದು ಸಂಸಾರದೊಳಗೆ ಏನು ಮಾಡುತ್ತದೆಂಬುದನ್ನು ತಿಳಿಯಲು ಇಂತಹ ಮನೆಗಳಲ್ಲಿ ಒಂದನ್ನು ತೆಗೆದುಕೊಳ್ಳಬಹುದು. ಹೆಸರು ಬೇಕಿಲ್ಲ, ಓದುಗರಲ್ಲಿ ಹಲವರಿಗೆ ಇದು ತಮ್ಮ ಬೀದಿಯದೇ ಮನೆಯಾಗಿ ಕಂಡೀತು. ತಂದೆಗೆ ನರಸೀಪುರದಲ್ಲಿ ಬಟ್ಟೆ ಅಂಗಡಿ. ತಾಯಿ ಪದವೀಧರೆ. ಆರು ತುಂಬಲಿರುವ ಮಗಳು. ಮನೆಯಲ್ಲಿ ತಂದೆಯ ತಾಯಿ, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಿ, ದೀಪ ಹಚ್ಚಿದ ಮೇಲೆ ಮೊಮ್ಮಗಳಿಗೆ ಪಂಚನಮಸ್ಕಾರ ಮಂತ್ರವನ್ನೂ ಪುರಾಣದ ಕಥೆಗಳನ್ನೂ ಹೇಳುವ ವೃದ್ಧೆ. ಆ ವೃದ್ಧೆಯ ಮಗಳನ್ನು ನಂಜನಗೂಡಿಗೆ ಕೊಟ್ಟಿದೆ. ಅವಳಿಗೂ ಅದೇ ವಯಸ್ಸಿನ ಗಂಡುಮಗು. ಎರಡೂ ಮನೆಯವರು ಮೈಸೂರಿನ ಒಂದೇ ಶಾಲೆಗೆ ಒಂದನೆಯ ತರಗತಿಗೆ ಅರ್ಜಿ ಹಾಕಿದ್ದಾರೆ.

ನರಸೀಪುರದ ತಾಯಿಗೆ ಪರಿಚಯದವರೊಬ್ಬರಿಂದ ಹಿಂದಿನ ವರ್ಷಗಳಲ್ಲಿ ಆ ಶಾಲೆಯವರು ಕೇಳಿದ ಪ್ರಶ್ನೆಗಳ ಪಟ್ಟಿ ದೊರೆಯಿತು. ದಿನವೂ ಸಂಜೆ ಅಭ್ಯಾಸ. ‘ಮನೆಯಲ್ಲಿ ಯಾವ ಭಾಷೆ ಮಾತನಾಡುತ್ತೀರಿ’ ಎಂಬ ಪ್ರಶ್ನೆಗೆ ‘ಇಂಗ್ಲಿಷ್’ ಎಂದೂ, ‘ಎಲ್ಲಿ ವಾಸ’ ಎಂಬುದಕ್ಕೆ ಮೈಸೂರಿನ ಬಡಾವಣೆಯೊಂದರ ಹೆಸರನ್ನೂ ಹೇಳಲು ಮಗುವಿಗೆ ಕಲಿಸಲಾಯಿತು. ಹತ್ತಿರದಲ್ಲಿ ವಾಸಿಸುವವರಿಗೆ ಆದ್ಯತೆ ಇದೆಯೆಂಬ ಮಾತು ಕೇಳಿ, ಆ ಬಡಾವಣೆಯ ಬಂಧುಗಳ ಮನೆಯ ಮೇಲ್ಭಾಗವನ್ನು ಬಾಡಿಗೆಗೆ ಪಡೆದಂತೆ ಕರಾರು ಪತ್ರವೊಂದನ್ನು ತಂದೆ ಬರೆಸಿಟ್ಟಿದ್ದರು.

ಒಂದು ಸಂಜೆ ನಂಜನಗೂಡಿನಿಂದ ದೂರವಾಣಿ ಬಂದಿತು. ‘ಆ ಸ್ಕೂಲಿನ ಪ್ರಶ್ನೆಗಳ ಹಾಳೆ ನಿನ್ನ ಹತ್ತಿರ ಇದೆಯಂತಲ್ಲಮ್ಮ, ನಮ್ಮ ಹುಡುಗನಿಗೂ ಒಂದು ಪ್ರತಿ ಕಳಿಸುತ್ತೀಯಾ?’ ಎಂದು ಗಂಡನ ಅಕ್ಕ ಕೇಳಿದಳು. ‘ನನ್ನ ಹತ್ತಿರ ಏನೂ ಇಲ್ಲ ಅತ್ತಿಗೆ, ಸುಮ್ಮನೆ ಬಾಯಲ್ಲೇ ಹೇಳಿಕೊಡ್ತಾ ಇದೀನಿ’ ಎಂದು ಈಕೆ ಉತ್ತರಿಸಿದಳು. ಹಾಳೆ ಅವಳ ತೊಡೆಯ ಮೇಲೆಯೇ ಇತ್ತು. ಮಗು ಪಕ್ಕದಲ್ಲಿ ಕುಳಿತು ಕೇಳುತ್ತಿತ್ತು.

ಆ ರಾತ್ರಿ ಮಗು ಅಜ್ಜಿಯ ಪಕ್ಕದಲ್ಲಿ ಮಲಗಿ ಕೇಳಿತು: ‘ಅಜ್ಜಿ, ನಾವು ಮನೇಲಿ ಇಂಗ್ಲಿಷ್ ಮಾತಾಡ್ತೀವಾ?’

‘ಇಲ್ಲ ಕಂದ, ಕನ್ನಡ ತಾನೇ ಆಡೋದು.’

‘ಮತ್ತೆ ಸ್ಕೂಲಲ್ಲಿ ಇಂಗ್ಲಿಷ್ ಅಂತ ಹೇಳ್ಬೇಕಂತೆ. ಸುಳ್ಳು ಹೇಳ್ಬಾರ್ದು ಅಂತ ನೀನು ಹೇಳ್ತೀಯಲ್ಲ. ಅದು ಕಥೇಲಿ ಮಾತ್ರಾನಾ?’

ವೃದ್ಧೆಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಮರುದಿನ ಸೊಸೆಯೊಡನೆ ಆಕೆ ಜಗಳವಾಡಲೂ ಇಲ್ಲ. ‘ಹಾಳೆ ನನ್ನ ಮಗಳ ಮನೆಗೆ ಹೋಗಲೇಬೇಕು ಅಂತ ನಾನು ಹೇಳೋದಿಲ್ಲಮ್ಮ. ಕೊಡೋದು ಬಿಡೋದು ನಿನ್ನಿಷ್ಟ. ಆದರೆ ಮಗು ಎದುರಿಗೆ ಇಲ್ಲ ಅಂದೆಯಲ್ಲ, ಅದೊಂದನ್ನ ಯೋಚನೆ ಮಾಡು’ ಎಂದಳು. ಸೊಸೆ ಎರಡು ದಿನ ಮಾತನಾಡಲಿಲ್ಲ. ಮೂರನೆಯ ದಿನ ಹಾಳೆಯ ಪ್ರತಿ ನಂಜನಗೂಡಿಗೆ ಹೋಯಿತು. ಬಾಡಿಗೆ ಕರಾರು ಪತ್ರ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿಯೇ ಉಳಿಯಿತು. ಶಾಲೆಯಲ್ಲಿ ಕೇಳಿದಾಗ ಮಗು ತನ್ನ ಊರು ನರಸೀಪುರವೆಂದೂ, ಅಜ್ಜಿಯ ಹತ್ತಿರ ಕಥೆ ಕೇಳುವುದು ಕನ್ನಡದಲ್ಲೆಂದೂ ಹೇಳಿತು.

ಇಂತಹ ಕಥೆಗಳ ಕೊನೆಯಲ್ಲಿ ಸತ್ಯ ಹೇಳಿದವರಿಗೇ ಸ್ಥಾನ ದೊರೆಯುವುದು ವಾಡಿಕೆ. ಇಲ್ಲಿ ಹಾಗಾಗಲಿಲ್ಲ. ನಂಜನಗೂಡಿನ ಹುಡುಗನಿಗೆ ಪ್ರವೇಶ ದೊರೆಯಿತು. ನರಸೀಪುರದ ಹುಡುಗಿಗೆ ದೊರೆಯಲಿಲ್ಲ. ‘ಆ ಹಾಳೆ ಕಳಿಸದೇ ಇದ್ದಿದ್ರೆ...’ ಎಂದು ತಾಯಿ ಒಮ್ಮೆ ಗಂಡನ ಮುಂದೆ ಆರಂಭಿಸಿ, ಮಾತನ್ನು ಪೂರ್ತಿ ಮಾಡಲಿಲ್ಲ. ಆ ಮಾತಿಗೆ ಆತನಲ್ಲಿಯೂ ಉತ್ತರವಿರಲಿಲ್ಲ. ಮಗು ಈಗ ಊರಿನ ಶಾಲೆಗೇ ನಡೆದು ಹೋಗುತ್ತದೆ. ತಾಯಿಯ ನೋವು ಪೂರ್ಣವಾಗಿ ಮಾಯವಾಗಿದೆಯೆಂದು ಹೇಳಲಾಗದು. ಧರ್ಮಮಾರ್ಗದಲ್ಲಿ ನಡೆದವರಿಗೆ ಲೌಕಿಕವಾಗಿ ಏನೂ ನಷ್ಟವಾಗುವುದಿಲ್ಲವೆಂದು ಬರೆಯುವುದು ಸುಲಭ, ಅದು ನಿಜವಲ್ಲ. ನಷ್ಟವೇ ಇಲ್ಲದಿದ್ದರೆ ಅದಕ್ಕೆ ವ್ರತವೆಂಬ ಹೆಸರೇಕೆ?

ಈ ನಾಡಿನ ಆಚಾರ್ಯರೊಬ್ಬರು ಇಂತಹ ಸಣ್ಣ ಸಂಗತಿಗಳನ್ನೇ ಬಹು ಸೂಕ್ಷ್ಮವಾಗಿ ವಿಂಗಡಿಸಿದ್ದಾರೆ. ನರಸೀಪುರ ತಾಲ್ಲೂಕಿನ ತಲಕಾಡು ಗಂಗರ ರಾಜಧಾನಿಯಾಗಿತ್ತು. ಗಂಗ ದೊರೆ ದುರ್ವಿನೀತನಿಗೆ ಗುರುವಾಗಿದ್ದರೆಂದು ಪರಂಪರೆ ಹೇಳುವ, ಚಾಮರಾಜನಗರದ ಬಳಿಯ ಕನಕಗಿರಿಯೊಡನೆ ಹೆಸರು ಬೆಸೆದುಕೊಂಡಿರುವ ಪೂಜ್ಯಪಾದ ಆಚಾರ್ಯರು ತತ್ತ್ವಾರ್ಥಸೂತ್ರಕ್ಕೆ ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನವನ್ನು ಬರೆದರು. ಜ್ಞಾನಾವರಣೀಯ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಹೇಳುವಲ್ಲಿ ನಿಹ್ನವ, ಮಾತ್ಸರ್ಯ, ಅಂತರಾಯ ಎಂಬ ಮಾತುಗಳು ಬರುತ್ತವೆ. ತಿಳಿದಿದ್ದರೂ ‘ಇಲ್ಲ, ಗೊತ್ತಿಲ್ಲ’ ಎಂದು ಜ್ಞಾನವನ್ನು ಮರೆಮಾಚುವುದು ನಿಹ್ನವ. ಕೊಡಲು ಯೋಗ್ಯವಾದ ತಿಳಿವಳಿಕೆಯನ್ನು ಯಾವುದೋ ಕಾರಣಕ್ಕೆ ಕೊಡದಿರುವುದು ಮಾತ್ಸರ್ಯ. ಇನ್ನೊಬ್ಬರ ಜ್ಞಾನಾರ್ಜನೆಗೆ ತಡೆಯೊಡ್ಡುವುದು ಅಂತರಾಯ. ತೊಡೆಯ ಮೇಲೆ ಹಾಳೆಯನ್ನು ಇಟ್ಟುಕೊಂಡು ‘ಏನೂ ಇಲ್ಲ ಅತ್ತಿಗೆ’ ಎಂದ ಮಾತಿಗೆ ಸರಿಯಾದ ಹೆಸರು ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆಯೇ ಸಿದ್ಧವಾಗಿತ್ತು.

ಸತ್ಯಾಣುವ್ರತದ ಅತಿಚಾರಗಳಲ್ಲಿಯೂ ಎರಡು ಈ ಸಂದರ್ಭಕ್ಕೆ ಒಪ್ಪುತ್ತವೆ. ಒಂದು ಮಿಥ್ಯೋಪದೇಶ, ಅಂದರೆ ಇನ್ನೊಬ್ಬರನ್ನು ತಪ್ಪು ದಾರಿಗೆ ಹಚ್ಚುವ ಬೋಧನೆ. ಇನ್ನೊಂದು ಕೂಟಲೇಖಕ್ರಿಯೆ, ಅಂದರೆ ವಂಚಿಸುವ ಸಲುವಾಗಿ ಇಲ್ಲದ್ದನ್ನು ಇದೆಯೆಂದು ಬರೆಯುವುದು. ವ್ಯಾಪಾರದಲ್ಲಿ ಸುಳ್ಳು ಲೆಕ್ಕ ಬರೆಯುವುದಕ್ಕೆ ಹೆದರುವ ಶ್ರಾವಕನು ಮಗುವಿನ ಶಾಲೆಗಾಗಿ ಸುಳ್ಳು ವಿಳಾಸ ಬರೆಸಲು ಹೆದರುವುದಿಲ್ಲ. ಶಿಕ್ಷಣ ಹಕ್ಕು ಕಾಯಿದೆಯು ಖಾಸಗಿ ಶಾಲೆಗಳ ಆರಂಭಿಕ ತರಗತಿಯಲ್ಲಿ ಶೇಕಡ 25ರಷ್ಟು ಸ್ಥಾನಗಳನ್ನು ದುರ್ಬಲ ವರ್ಗದ, ಅವಕಾಶವಂಚಿತ ಮಕ್ಕಳಿಗೆ ಕಾದಿರಿಸಿತು. 2019ರಿಂದ ಕರ್ನಾಟಕದಲ್ಲಿ, ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಈ ಸೌಲಭ್ಯ ದೊರೆಯದಂತೆ ನಿಯಮ ಬದಲಾಯಿತು. ಅದರಿಂದ ಆ ಬಾಗಿಲು ಬಹಳ ಕಿರಿದಾಗಿದೆ. ಹಾಗೆ ಉಳಿದ ಕೆಲವೇ ಸ್ಥಾನಗಳಿಗೆ ಅನುಕೂಲಸ್ಥರು ಆದಾಯದ ಸುಳ್ಳು ಪ್ರಮಾಣಪತ್ರ ತಂದರೆ ಅಲ್ಲಿ ಕೂಟಲೇಖದೊಡನೆ ಅಂತರಾಯವೂ ಸೇರುತ್ತದೆ. ಒಂದು ಕಾಗದದಿಂದ ಎರಡು ಬಂಧ.

ಅನೇಕಾಂತವನ್ನು ಒಪ್ಪಿದವರು ಎದುರಿನವರ ದೃಷ್ಟಿಯನ್ನೂ ಕಾಣಬೇಕು. ತಂದೆತಾಯಿಗಳ ಆತಂಕ ಸುಳ್ಳಲ್ಲ. ಸಣ್ಣ ಊರಿನಲ್ಲಿ ಹುಟ್ಟಿದ ಕಾರಣಕ್ಕೆ ತಮ್ಮ ಮಗು ಹಿಂದೆ ಬೀಳಬಾರದೆಂಬುದು ಅವರ ನೋವು. ಇಂಗ್ಲಿಷ್ ಬಾರದೆ ಕಚೇರಿ, ಬ್ಯಾಂಕು, ಆಸ್ಪತ್ರೆಗಳಲ್ಲಿ ತಾವು ಅನುಭವಿಸಿದ ಮುಜುಗರ ಮಗುವಿಗೆ ಬರದಿರಲಿ ಎಂಬುದು ಅವರ ಆಸೆ. ಶಾಲೆಯನ್ನು ನಡೆಸುವವರಿಗೂ ಒಂದು ವಾದವಿದೆ. ನಲವತ್ತು ಸ್ಥಾನಕ್ಕೆ ನಾನೂರು ಅರ್ಜಿಗಳು ಬಂದರೆ ಯಾರನ್ನಾದರೂ ಬಿಡಲೇಬೇಕು. ಬಿಡುವುದಕ್ಕೆ ಏನಾದರೊಂದು ಆಧಾರ ಬೇಕು ಎನ್ನುತ್ತಾರೆ. ಮಾತು ಸರಿ. ಆದರೆ ಆರು ವರ್ಷದ ಮಗುವಿನ ಇಪ್ಪತ್ತು ನಿಮಿಷದ ಮಾತಿನಿಂದ ತಿಳಿಯುವುದು ಏನು? ಅದರ ಮನೆಯಲ್ಲಿ ಪುಸ್ತಕಗಳಿವೆಯೇ, ತಾಯಿಗೆ ಇಂಗ್ಲಿಷ್ ಬರುತ್ತದೆಯೇ, ಅಭ್ಯಾಸ ಮಾಡಿಸಲು ಸಂಜೆ ಬಿಡುವಿದೆಯೇ ಎಂಬುದು. ಪರೀಕ್ಷೆಯ ಮೇಜಿನ ಮುಂದೆ ಕುಳಿತಿರುವುದು ಮಗು. ಅಂಕ ಬೀಳುವುದು ಮನೆಗೆ. ಶಾಲೆಯ ವ್ಯಾನು ಓಡಿಸುವವನ ಮಗು ಅದೇ ಶಾಲೆಯ ಮೆಟ್ಟಿಲಲ್ಲಿ ತಡವರಿಸಿದರೆ ಅದು ಮಗುವಿನ ಬುದ್ಧಿಯ ದೋಷವಾಗುವುದಿಲ್ಲ. ಹೀಗಿರುವಾಗ, ಬಿಡಲೇಬೇಕಾದಲ್ಲಿ ಚೀಟಿ ಎತ್ತುವುದೇ ಹೆಚ್ಚು ಪ್ರಾಮಾಣಿಕ. ಚೀಟಿಯಲ್ಲಿ ಸೋತ ಮಗುವಿಗೆ ತಾನು ದಡ್ಡನೆಂಬ ಭಾವನೆ ಬರುವುದಿಲ್ಲ. ಗೆದ್ದ ಮಗುವಿಗೆ ತಾನು ಮೇಲೆಂಬ ಮಾನಕಷಾಯವೂ ಅಂಟುವುದಿಲ್ಲ.

ಇಲ್ಲಿಂದ ಮುಂದಿನ ವಿಚಾರ ಬಸದಿ, ಮಂದಿರಗಳ ಟ್ರಸ್ಟುಗಳಿಗೆ ನೇರವಾಗಿ ಸಂಬಂಧಿಸಿದುದು. 2014ರ ಜನವರಿ 27ರಂದು ಕೇಂದ್ರ ಸರ್ಕಾರವು ಜೈನ ಸಮುದಾಯವನ್ನು ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚನೆ ಹೊರಡಿಸಿತು. ಅದಾಗಿ ನೂರು ದಿನಗಳು ತುಂಬುವ ಮೊದಲೇ, ಅದೇ ವರ್ಷ ಮೇ 6ರಂದು, ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಪ್ರಮತಿ ಟ್ರಸ್ಟಿನ ಪ್ರಕರಣದಲ್ಲಿ ತೀರ್ಪು ಕೊಟ್ಟು, ಅನುದಾನಿತವಾಗಲಿ ಅನುದಾನರಹಿತವಾಗಲಿ ಅಲ್ಪಸಂಖ್ಯಾತರ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯಿದೆ ಅನ್ವಯಿಸದೆಂದು ಹೇಳಿತು. ಪ್ರಾಥಮಿಕ ಶಾಲೆಯಲ್ಲಿ ಬೋಧನಾ ಮಾಧ್ಯಮವನ್ನು ಸರ್ಕಾರ ಹೇರಲಾಗದೆಂದು ಕರ್ನಾಟಕದ ಪ್ರಕರಣದಲ್ಲಿ ತೀರ್ಪು ಬಂದುದೂ ಅದೇ ದಿನ. 2025ರ ಸೆಪ್ಟೆಂಬರ್ 1ರಂದು ಶಿಕ್ಷಕರ ಅರ್ಹತಾ ಪರೀಕ್ಷೆಯ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠವು ಪ್ರಮತಿ ತೀರ್ಪಿನ ಈ ಭಾಗದ ಬಗ್ಗೆ ಸಂದೇಹ ವ್ಯಕ್ತಪಡಿಸಿ, ಹೆಚ್ಚು ನ್ಯಾಯಮೂರ್ತಿಗಳ ಪೀಠದ ಪರಿಶೀಲನೆಗಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದಿರಿಸಿತು.

ಪ್ರಮತಿ ತೀರ್ಪಿನ ಪರಿಣಾಮವೇನು? ಅಲ್ಪಸಂಖ್ಯಾತ ಸಂಸ್ಥೆಯೆಂಬ ಮಾನ್ಯತೆ ಪಡೆದ ಜೈನ ಟ್ರಸ್ಟಿನ ಶಾಲೆಗೆ ಶೇಕಡ 25ರ ಹೊಣೆಯಿಲ್ಲ. ಆ ಕಾಯಿದೆಯ 13ನೆಯ ಪ್ರಕರಣದ ನಿಷೇಧವೂ ತಾಗದು. ಬೇರೆಯವರಿಗೆ ದಂಡ ಬೀಳುವ ಕೆಲಸವನ್ನು ಅದು ನಿರಾತಂಕವಾಗಿ ಮಾಡಬಹುದು. ಸಂವಿಧಾನದ 30ನೆಯ ವಿಧಿಯ ಹಕ್ಕು ಒಂದು ಸಣ್ಣ ಸಮುದಾಯ ತನ್ನ ಭಾಷೆ, ಧರ್ಮ, ಸಂಸ್ಕೃತಿಗಳನ್ನು ಉಳಿಸಿಕೊಳ್ಳಲೆಂದು ದೊರೆತ ರಕ್ಷಣೆ. ಆ ಕೊಡೆಯ ಕೆಳಗೆ ನಿಂತು ಬಡವರ ಮಗುವನ್ನು ಮಳೆಯಲ್ಲಿ ನಿಲ್ಲಿಸುವುದು ಕಾನೂನಿಗೆ ಒಪ್ಪಿಗೆಯಾದರೂ ಧರ್ಮಕ್ಕೆ ಒಪ್ಪಿಗೆಯೇ? ನ್ಯಾಯಾಲಯವು ಕಾಯಿದೆಯಿಂದ ವಿನಾಯಿತಿ ಕೊಡಬಲ್ಲದು. ಅಂತರಾಯದಿಂದ ಬರುವ ಆಸ್ರವಕ್ಕೆ ವಿನಾಯಿತಿ ಪತ್ರ ಬರೆದುಕೊಡುವ ಕಚೇರಿ ಎಲ್ಲಿಯೂ ಇಲ್ಲ. ಕಾಯಿದೆ ಇಲ್ಲದಿದ್ದಾಗಲೂ ಪಾಲಿಸುವುದಕ್ಕೆ ತಾನೇ ಅಣುವ್ರತಗಳು ಇರುವುದು!

ಈ ಸಮುದಾಯದ ಹಿರಿಯರು ನಡೆದ ದಾರಿ ಬೇರೆಯಾಗಿತ್ತು. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಒಂದೊಂದು ಪ್ರತಿಯನ್ನೂ ತಾಳೆಗರಿಯ ಮೇಲೆ ಕೈಯಿಂದ ಬರೆಯಬೇಕಾಗಿದ್ದ ಕಾಲ ಅದು. ಇತ್ತೀಚಿನ ಉದಾಹರಣೆ ಬೇಕಾದರೆ ಕರ್ಮವೀರ ಭಾವುರಾವ್ ಪಾಟೀಲರದಿದೆ. 1887ರಲ್ಲಿ ಕೊಲ್ಲಾಪುರದ ಸೀಮೆಯ ಕುಂಭೋಜದಲ್ಲಿ ಜೈನ ಮನೆತನದಲ್ಲಿ ಹುಟ್ಟಿದ ಅವರು 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, ಎಲ್ಲ ಜಾತಿಯ ಬಡಮಕ್ಕಳು ಒಂದೇ ಸೂರಿನಡಿ ಉಂಡು, ಮಲಗಿ, ಓದುವ ವಸತಿಗೃಹಗಳನ್ನು ನಡೆಸಿದರು. ನೆರೆಹೊರೆಯಿಂದ ಕಲಿಯುವುದೂ ಇದೆ. ನಂಜನಗೂಡು ತಾಲ್ಲೂಕಿನ ಕಪಿಲಾತೀರದ ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1954ರಲ್ಲಿ ಜೆ.ಎಸ್.ಎಸ್. ಮಹಾವಿದ್ಯಾಪೀಠವನ್ನು ಆರಂಭಿಸಿದರು, ಸುತ್ತೂರಿನ ಅದರ ವಸತಿಶಾಲೆಯಲ್ಲಿ ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರಗಳು ಉಚಿತವಾಗಿ ದೊರೆಯುತ್ತಿವೆ.

ಹಾಗಾದರೆ ಮಕ್ಕಳನ್ನು ಯಾವ ಪರೀಕ್ಷೆಗೂ ಸಿದ್ಧಗೊಳಿಸಬಾರದೇ ಎಂದು ಕೇಳಬಹುದು. ಹಾಗೆ ಯಾರೂ ಹೇಳರು. ಹತ್ತು ಹನ್ನೊಂದು ವರ್ಷದ ಮಗು ಜವಾಹರ್ ನವೋದಯ ವಿದ್ಯಾಲಯದ ಆರನೆಯ ತರಗತಿಯ ಆಯ್ಕೆ ಪರೀಕ್ಷೆಗೆ ಕುಳಿತರೆ ಅದರ ನಿಯಮಗಳು ಎಲ್ಲರಿಗೂ ಬಹಿರಂಗ: ಎರಡು ಗಂಟೆಯ ಅವಧಿ, 80 ಪ್ರಶ್ನೆ, 100 ಅಂಕ, ಮಾನಸಿಕ ಸಾಮರ್ಥ್ಯ, ಅಂಕಗಣಿತ, ಭಾಷೆ ಎಂಬ ಮೂರು ಭಾಗ, ಕನ್ನಡದಲ್ಲಿಯೂ ಬರೆಯಬಹುದು, ಕನಿಷ್ಠ ಶೇಕಡ 75ರಷ್ಟು ಸ್ಥಾನ ಗ್ರಾಮೀಣ ಮಕ್ಕಳಿಗೆ. ಅಲ್ಲಿ ತಂದೆಯ ಆದಾಯವನ್ನು ಕೇಳಿ ಅಂಕ ಕೊಡುವವರಿಲ್ಲ. ಅಂತಹ ಪರೀಕ್ಷೆಗೆ ದುಡಿಯುವುದು ಪುರುಷಾರ್ಥವೇ ಸರಿ. ಆದರೆ ದುಡಿಮೆಯ ರೀತಿ ಹೇಗಿರಬೇಕು? ಸ್ವಾಧ್ಯಾಯಕ್ಕೆ ಶಾಸ್ತ್ರಕಾರರು ಐದು ಅಂಗಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಪಾಠವನ್ನು ಶುದ್ಧವಾಗಿ ಮತ್ತೆ ಮತ್ತೆ ಹೇಳುವ ಆಮ್ನಾಯ ಒಂದು. ಸಂಶಯವನ್ನು ಕೇಳಿ ತಿಳಿಯುವ ಪೃಚ್ಛನ ಇನ್ನೊಂದು. ತಿಳಿದುದನ್ನು ಮನಸ್ಸಿನಲ್ಲಿ ಚಿಂತಿಸುವ ಅನುಪ್ರೇಕ್ಷೆ ಮತ್ತೊಂದು. ಪ್ರವೇಶದ ಭರದಲ್ಲಿ ಮನೆಗಳು ಆಮ್ನಾಯವನ್ನಷ್ಟೇ ಇಟ್ಟುಕೊಂಡು ಉಳಿದುದನ್ನು ಕೈಬಿಟ್ಟಿವೆ. ಸ್ವಾಧ್ಯಾಯದಲ್ಲಿ ಪ್ರಶ್ನೆ ಕೇಳುವವನು ಕಲಿಯುವವನು. ಪ್ರವೇಶದ ಕೋಣೆಯಲ್ಲಿ ಅವನು ಉತ್ತರ ಒಪ್ಪಿಸುವವನು ಮಾತ್ರ. ದಿನಕ್ಕೆ ಮಗು ಕೇಳಿದ ಒಂದು ಪ್ರಶ್ನೆಗಾದರೂ ದೊಡ್ಡವರು ಕುಳಿತು ಉತ್ತರಿಸುವ ಮನೆಯಲ್ಲಿ ಸಿದ್ಧತೆ ತಾನಾಗಿಯೇ ನಡೆದಿರುತ್ತದೆ.

ಟ್ರಸ್ಟುಗಳು ಮಾಡಬಹುದಾದ ಕಾರ್ಯಗಳಿಗೆ ದೊಡ್ಡ ನಿಧಿಯ ಅಗತ್ಯವಿಲ್ಲ. ಬಸದಿಯ ಅಥವಾ ಮಂದಿರದ ಸಭಾಭವನದಲ್ಲಿ ವಾರಕ್ಕೆ ಎರಡು ಸಂಜೆ ಓದುವ ಕೋಣೆಯನ್ನು ತೆರೆದು, ಹಳೆಯ ಪ್ರಶ್ನೆಪತ್ರಿಕೆಗಳನ್ನೂ ಪುಸ್ತಕಗಳನ್ನೂ ಜಾತಿಮತಗಳ ಭೇದವಿಲ್ಲದೆ ಊರಿನ ಎಲ್ಲ ಮಕ್ಕಳಿಗೂ ದೊರೆಯುವಂತೆ ಇಡಬಹುದು. ಒಂದು ಮನೆಯ ಗುಟ್ಟು ಹತ್ತು ಮನೆಯ ತಿಳಿವಳಿಕೆಯಾದಾಗ ನಿಹ್ನವಕ್ಕೆ ಅವಕಾಶವೇ ಇರದು. ನಿವೃತ್ತ ಶಿಕ್ಷಕರು ಪ್ರತಿ ಊರಿನಲ್ಲಿಯೂ ಇದ್ದಾರೆ. ಅವರ ಒಂದು ಗಂಟೆ ಶಾಸ್ತ್ರದಾನವಾಗುತ್ತದೆ. ಶಾಲೆ ನಡೆಸುವ ಟ್ರಸ್ಟುಗಳು, ಕಾಯಿದೆಯ ಬಲವಂತ ಇಲ್ಲದಿದ್ದರೂ, ಒಂದನೆಯ ತರಗತಿಯವರೆಗಿನ ಪ್ರವೇಶಕ್ಕೆ ಪರೀಕ್ಷೆಯನ್ನೂ ತಂದೆತಾಯಿಗಳ ಸಂದರ್ಶನವನ್ನೂ ಕೈಬಿಟ್ಟು, ಎಲ್ಲರ ಎದುರಿನಲ್ಲಿ ಚೀಟಿ ಎತ್ತುವುದಾಗಿ ನಿರ್ಣಯಿಸಬಹುದು. ಸ್ಥಾನಗಳಲ್ಲಿ ನಾಲ್ಕನೆಯ ಒಂದು ಭಾಗವನ್ನು ಸ್ವಇಚ್ಛೆಯಿಂದ ಬಡಮಕ್ಕಳಿಗೆ ಬಿಡಬಹುದು. ಧರ್ಮದರ್ಶಿಗಳ ಶಿಫಾರಸು ಪತ್ರಗಳನ್ನು ಸ್ವೀಕರಿಸುವುದಿಲ್ಲವೆಂದು ಕಚೇರಿಯ ಗೋಡೆಯ ಮೇಲೆ ಬರೆಸಬಹುದು. ಇವುಗಳಲ್ಲಿ ಕೊನೆಯದೇ ಎಲ್ಲಕ್ಕಿಂತ ಕಷ್ಟವೆಂಬುದನ್ನು ಧರ್ಮದರ್ಶಿಗಳು ಬಲ್ಲರು.

ಪ್ರವೇಶದ ಕಾಲ ವರ್ಷಕ್ಕೊಮ್ಮೆ ಬರುತ್ತದೆ. ಅದಕ್ಕೆ ಮೊದಲು ಟ್ರಸ್ಟುಗಳ ಆಡಳಿತ ಮಂಡಳಿಗಳು ಸಭೆ ಸೇರಿ ಶುಲ್ಕ, ಕಟ್ಟಡ, ವಾಹನಗಳ ವಿಚಾರ ಚರ್ಚಿಸುತ್ತವೆ. ಈ ಸಲದ ಸಭೆಯಲ್ಲಿ ಇನ್ನೊಂದು ವಿಷಯವನ್ನು ಸೇರಿಸಿಕೊಳ್ಳಲಿ: ಹಿಂದಿನ ವರ್ಷ ಬಾಗಿಲಲ್ಲಿ ತೂಗಿ ಹಿಂದಿರುಗಿಸಿದ ಮಕ್ಕಳು ಎಷ್ಟು, ಅವರು ಯಾವ ಮನೆಗಳ ಮಕ್ಕಳು? ಆ ಪಟ್ಟಿಯನ್ನು ಒಮ್ಮೆ ಗಟ್ಟಿಯಾಗಿ ಓದಿ ಮುಗಿಸಿದ ಬಳಿಕವೇ ಹೊಸ ವರ್ಷದ ಅರ್ಜಿಗಳನ್ನು ಅಚ್ಚಿಗೆ ಕಳುಹಿಸಲಿ.